ಮೇಳಿ ಹಿಡಿದ ಸಿಪಾಯಿ

ಯುದ್ಧದ ಕಥೆಗಳನ್ನು ಬರೆಯುವವರು ರಣರಂಗದಲ್ಲಿ ಕಹಳೆಯ ಧ್ವನಿ ಅಡಗಿದೊಡನೆ ಲೇಖನಿಯನ್ನು ಕೆಳಗಿಡುವುದು ವಾಡಿಕೆ. ಗೆದ್ದವರಾರು, ಸೋತವರಾರು, ಯಾವ ಸೇನಾಪತಿ ಎಲ್ಲಿ ಮಡಿದನು ಎಂಬುದು ತಿಳಿದಮೇಲೆ ಓದುವವರಿಗೂ ಕುತೂಹಲ ಉಳಿಯುವುದಿಲ್ಲ. ಆದರೆ ಸಂಸಾರವಂದಿಗರಾದ ನಮಗೆ ಮುಖ್ಯವಾದ ಪ್ರಶ್ನೆಗಳು ಹುಟ್ಟುವುದು ಆಮೇಲೆಯೇ. ಬಂದೂಕನ್ನು ಒಪ್ಪಿಸಿ ಊರ ದಾರಿ ಹಿಡಿದ ಆ ಸಾಮಾನ್ಯ ಸಿಪಾಯಿ ಮಾರನೆಯ ದಿನ ಏನನ್ನು ಉಂಡನು? ಯಾವ ಸೂರಿನ ಕೆಳಗೆ ಮಲಗಿದನು? ಅವನ ಒಲೆಯನ್ನು ಹೊತ್ತಿಸಿದವರಾರು? ಅವನ ಮಕ್ಕಳು ಯಾವ ಶಾಲೆಗೆ ಹೋದರು? ಈ ಪ್ರಶ್ನೆಗಳಿಗೆ ಚರಿತ್ರೆಯ ಗ್ರಂಥಗಳಲ್ಲಿ ಉತ್ತರ ಅಪರೂಪ. ಹಾಗೆ ಅಪರೂಪವಾಗಿ ಉತ್ತರ ದೊರೆಯುವ ಒಂದು ಕುಟುಂಬದ ವೃತ್ತಾಂತವನ್ನು ವಾಚಕರ ಮುಂದಿಡಬೇಕೆಂದು ನಮ್ಮ ಅಪೇಕ್ಷೆ.

ಆ ಕುಟುಂಬದ ಯಜಮಾನನ ಹೆಸರು ಡೇನಿಯಲ್ ಫ್ರೀಮನ್. ಅವನು 1826ನೆಯ ಇಸವಿಯಲ್ಲಿ ಅಮೆರಿಕದ ಓಹಾಯೋ ಪ್ರಾಂತದಲ್ಲಿ ಜನಿಸಿದನು; ವೈದ್ಯವೃತ್ತಿಯನ್ನು ಕಲಿತಿದ್ದನು. 1861ರಲ್ಲಿ ಆ ದೇಶ ಉತ್ತರ ದಕ್ಷಿಣಗಳಾಗಿ ಒಡೆದು, ಗುಲಾಮಗಿರಿ ಇರಬೇಕೇ ಬೇಡವೇ ಎಂಬ ವಿಷಯದ ಸುತ್ತ ಘೋರವಾದ ಅಂತರ್ಯುದ್ಧ ಮೊದಲಾಯಿತು. ನಾಲ್ಕು ವರ್ಷಗಳ ಆ ಸಮರದಲ್ಲಿ ಆರು ಲಕ್ಷಕ್ಕೂ ಮಿಕ್ಕ ಜನರು ಗುಂಡಿಗೂ ರೋಗಕ್ಕೂ ತುತ್ತಾದರು. ಫ್ರೀಮನ್ ಉತ್ತರದವರ ಪಕ್ಷದಲ್ಲಿದ್ದನು. ಸೈನ್ಯಕ್ಕೆ ಬೇಹುಗಾರನಾಗಿ ಕೆಲಸ ಮಾಡಿದುದಾಗಿ ಅವನೇ ಹೇಳುತ್ತಿದ್ದನು.

ಯುದ್ಧವು ನಡೆಯುತ್ತಿರುವಾಗಲೇ, 1862ನೆಯ ಮೇ ತಿಂಗಳ 20ನೆಯ ತಾರೀಖಿನಲ್ಲಿ, ರಾಷ್ಟ್ರಾಧ್ಯಕ್ಷನಾದ ಅಬ್ರಹಾಂ ಲಿಂಕನ್ ಒಂದು ಕಾನೂನಿಗೆ ರುಜು ಹಾಕಿದನು. ಹೋಮ್‌ಸ್ಟೆಡ್ ಕಾಯಿದೆ ಎಂದು ಅದರ ಹೆಸರು. ಕುಟುಂಬದ ಯಜಮಾನನಾದವನಾಗಲಿ ಇಪ್ಪತ್ತೊಂದು ವರ್ಷ ತುಂಬಿದವನಾಗಲಿ ಸರ್ಕಾರಿ ಭೂಮಿಯಲ್ಲಿ 160 ಎಕರೆಯನ್ನು ಗುರುತಿಸಿಕೊಳ್ಳಬಹುದು. ಐದು ವರ್ಷ ಅಲ್ಲಿಯೇ ವಾಸವಾಗಿದ್ದು, ಮನೆ ಕಟ್ಟಿ ಸಾಗುವಳಿ ಮಾಡಿದರೆ ಭೂಮಿ ಅವನದೇ. ಖರ್ಚೆಂದರೆ ಅರ್ಜಿಯ ಕಾಲದಲ್ಲಿ ಹನ್ನೆರಡು ಡಾಲರು, ಕಡೆಯಲ್ಲಿ ಆರು ಡಾಲರು. ಮದುವೆಯಾಗದ ಹೆಣ್ಣುಮಕ್ಕಳೂ ವಿಧವೆಯರೂ ತಮ್ಮ ಹೆಸರಿನಲ್ಲಿಯೇ ಅರ್ಜಿ ಹಾಕಬಹುದಾಗಿತ್ತು. ಇಂತಹ ಕಾನೂನು ಬೇಕೆಂದು ಬಹುಕಾಲದಿಂದ ಕೂಗು ಇದ್ದರೂ, ಬಡ ಒಕ್ಕಲಿಗರು ಪಶ್ಚಿಮದ ಬಯಲನ್ನು ತುಂಬಿದರೆ ಗುಲಾಮರಿಂದ ನಡೆಯುವ ಬೇಸಾಯಕ್ಕೆ ಅಲ್ಲಿ ಎಡೆ ಸಿಕ್ಕದೆಂದು ದಕ್ಷಿಣದ ಪ್ರತಿನಿಧಿಗಳು ಅದಕ್ಕೆ ಅಡ್ಡ ಬರುತ್ತಿದ್ದರು. ಅವರು ಒಕ್ಕೂಟವನ್ನು ಬಿಟ್ಟು ಹೋದಮೇಲೆ ದಾರಿ ತೆರವಾಯಿತು.

ಈ ಕಾನೂನಿನಲ್ಲಿ ಎರಡು ಮಾತುಗಳು ನಮ್ಮ ಮನಸ್ಸನ್ನು ಸೆಳೆದುವು. ಸರ್ಕಾರದ ವಿರುದ್ಧ ಆಯುಧ ಹಿಡಿದವನಿಗೆ ಭೂಮಿ ಇಲ್ಲ ಎಂಬುದೊಂದು. ಹದಿನಾಲ್ಕು ದಿನ ಸೈನ್ಯದಲ್ಲಿ ಸೇವೆ ಮಾಡಿದವನಿಗೆ ಇಪ್ಪತ್ತೊಂದು ವರ್ಷ ತುಂಬದಿದ್ದರೂ ಅರ್ಜಿ ಹಾಕುವ ಅಧಿಕಾರವುಂಟು ಎಂಬುದು ಇನ್ನೊಂದು. ಮುಂದೆ 1872ರಲ್ಲಿ ಬೇರೊಂದು ಕಾನೂನು ಬಂದು, ಸಿಪಾಯಿ ಸೈನ್ಯದಲ್ಲಿ ಕಳೆದ ಕಾಲವನ್ನೂ ಐದು ವರ್ಷದ ವಾಯಿದೆಯಲ್ಲಿ ವಜಾ ಮಾಡಿಕೊಳ್ಳಬಹುದೆಂದು ವಿಧಿಸಿತು. ಕತ್ತಿಗೂ ನೇಗಿಲಿಗೂ ಇರುವ ಈ ನಂಟು ನಮಗೆ ಹೊಸದಲ್ಲ. ಊರ ದನಕರುಗಳನ್ನು ಕಾಯಲು ಹೋಗಿ ಮಡಿದ ವೀರನ ಮನೆಯವರಿಗೆ ನೆತ್ತರುಗೊಡಗೆ ಎಂದು ಭೂಮಿ ಬಿಟ್ಟುಕೊಡುತ್ತಿದ್ದುದನ್ನು ನಮ್ಮ ನಾಡಿನ ವೀರಗಲ್ಲುಗಳೇ ಸಾರುತ್ತಿವೆ. ನೆಲವನ್ನು ಕಾದವನಿಗೆ ನೆಲದಲ್ಲಿ ಪಾಲುಂಟೆಂಬ ನ್ಯಾಯವನ್ನು ಮನುಷ್ಯರು ಎಲ್ಲ ಕಾಲಕ್ಕೂ ಒಪ್ಪಿರುವಂತೆ ತೋರುತ್ತದೆ.

ಆ ಕಾಯಿದೆ ಜಾರಿಗೆ ಬಂದುದು 1863ನೆಯ ಜನವರಿ 1ರಂದು. ಆಗ ನೆಬ್ರಾಸ್ಕ ಇನ್ನೂ ರಾಜ್ಯವಾಗಿರಲಿಲ್ಲ. ಅಲ್ಲಿನ ಬ್ರೌನ್‌ವಿಲ್ ಎಂಬ ನದೀತೀರದ ಊರಿನಲ್ಲಿ ಭೂಮಿಯ ಕಚೇರಿಯೊಂದಿತ್ತು. ಹಿಂದಿನ ರಾತ್ರಿ ಆ ಊರಿನಲ್ಲಿ ಹೊಸವರ್ಷದ ಸಂತೋಷಕೂಟ ನಡೆದಿತ್ತೆಂದೂ, ತಾನು ಬೆಳಗಾಗುವುದರೊಳಗೆ ಸೈನ್ಯದ ಕೆಲಸಕ್ಕೆ ಹೊರಡಬೇಕೆಂದು ಫ್ರೀಮನ್ ಅಲ್ಲಿದ್ದ ಕಚೇರಿಯ ಗುಮಾಸ್ತನನ್ನು ಬೇಡಿಕೊಂಡನೆಂದೂ, ಆ ಪುಣ್ಯಾತ್ಮನು ಮಧ್ಯರಾತ್ರಿ ಕಳೆದ ಕೂಡಲೇ ಬಾಗಿಲು ತೆರೆದು ಅರ್ಜಿಯನ್ನು ಬರೆದುಕೊಂಡನೆಂದೂ ಕಥೆ ಹೇಳುತ್ತಾರೆ. ಅದೇ ದಿನ ದೇಶದ ನಾನಾ ಕಡೆಗಳಲ್ಲಿ ನಾನೂರಕ್ಕೂ ಹೆಚ್ಚು ಮಂದಿ ಅರ್ಜಿ ಕೊಟ್ಟರು. ಆದರೂ ಮೊದಲನೆಯವನೆಂಬ ಕೀರ್ತಿ ಫ್ರೀಮನ್ನನಿಗೇ ನಿಂತಿತು. ಕಚೇರಿಯ ಬಾಗಿಲಲ್ಲಿ ದಿನಗಟ್ಟಲೆ ಕಾದು ಬಲ್ಲ ನಮ್ಮಂಥವರಿಗೆ, ನಡುರಾತ್ರಿಯಲ್ಲಿ ದೀಪ ಹಚ್ಚಿ ಲೆಕ್ಕದ ಪುಸ್ತಕ ತೆರೆದ ಆ ಗುಮಾಸ್ತನೇ ಈ ಕಥೆಯ ನಾಯಕನೆಂದು ತೋರಿದರೆ ಆಶ್ಚರ್ಯವಿಲ್ಲ.

ಅವನು ಆರಿಸಿಕೊಂಡ ನೆಲ ಬಿಯಾಟ್ರಿಸ್ ಎಂಬ ಊರಿಗೆ ನಾಲ್ಕು ಮೈಲಿ ದೂರದಲ್ಲಿ, ಕಬ್ ಕ್ರೀಕ್ ಎಂಬ ಹಳ್ಳದ ದಡದಲ್ಲಿತ್ತು. ಸರ್ಕಾರದವರು ಭೂಮಿಯನ್ನೆಲ್ಲ ಚಚ್ಚೌಕವಾಗಿ ಅಳೆದಿದ್ದರೂ, ಇವನು ನಾಲ್ಕು ತುಂಡುಗಳನ್ನು ಜಾಣತನದಿಂದ ಜೋಡಿಸಿ, ಹಳ್ಳದ ನೀರೂ ದಡದ ಮರಗಳೂ ತನ್ನ ಎಲ್ಲೆಯೊಳಗೆ ಬರುವಂತೆ ಮಾಡಿಕೊಂಡನು. ಮರವಿಲ್ಲದ ಆ ಮಹಾಬಯಲಿನಲ್ಲಿ ಎಷ್ಟೋ ಸಂಸಾರಗಳು ಹುಲ್ಲಿನ ಬೇರು ಸಮೇತ ಮಣ್ಣಿನ ಹೆಂಟೆಗಳನ್ನು ಕತ್ತರಿಸಿ, ಇಟ್ಟಿಗೆಯಂತೆ ಪೇರಿಸಿ, ಅಂತಹ ಗೋಡೆಗಳೊಳಗೆ ಬಾಳಿದುವು. ನೀರನ್ನೂ ಸೌದೆಯನ್ನೂ ನೋಡಿ ಮನೆಯ ಜಾಗ ಹಿಡಿಯಬೇಕೆಂಬ ನಮ್ಮ ಹಿರಿಯರ ಬುದ್ಧಿಯೇ ಅವನಲ್ಲಿಯೂ ಇದ್ದಿತು.

ಭೂಮಿಯೇನೋ ಆಯಿತು, ಮನೆಯೆಂಬುದು ಗೃಹಿಣಿಯಿಲ್ಲದೆ ಆಗುವುದುಂಟೇ? ಈ ವೃತ್ತಾಂತದಲ್ಲಿ ನಮ್ಮ ಹೃದಯವನ್ನು ಮುಟ್ಟಿದ ಭಾಗ ಇದು. ಡೇನಿಯಲ್ಲನಿಗೆ ಜೇಮ್ಸ್ ಎಂಬ ಸಹೋದರನಿದ್ದನು. ಅಯೋವ ಪ್ರಾಂತದ ಲೆಕ್ಲೇರ್ ಎಂಬ ಊರಿನ ಆಗ್ನೆಸ್ ಸೂಟರ್ ಎಂಬ ಕನ್ಯೆಗೂ ಅವನಿಗೂ ವಿವಾಹ ನಿಶ್ಚಯವಾಗಿತ್ತು. ಜೇಮ್ಸ್ ಸೈನ್ಯಕ್ಕೆ ಸೇರಿದನು, ಅಲ್ಲಿಯೇ ತೀರಿಕೊಂಡನು. ಆ ದುಃಖದ ಕಾಲದಲ್ಲಿ ಡೇನಿಯಲ್ ಆಗ್ನೆಸಳಿಗೆ ಕಾಗದ ಬರೆಯುತ್ತ ಬಂದನು. ಕಡೆಗೆ ಕಾಗದದಲ್ಲಿಯೇ, ತನ್ನನ್ನು ವರಿಸುವೆಯಾ ಎಂದು ಕೇಳಿದನು. ಆಕೆ ಒಪ್ಪಿದಳು. ಯುದ್ಧ ಇನ್ನೂ ಮುಗಿಯದಿದ್ದ 1865ನೆಯ ಫೆಬ್ರವರಿ ತಿಂಗಳಲ್ಲಿ ಅವರ ಮದುವೆಯಾಯಿತು. ಆಗ ಅವನಿಗೆ ಮೂವತ್ತೆಂಟು ವರ್ಷ. ಅದೇ ವರ್ಷ ಆಕೆ ತಂದೆಯ ಮನೆಯನ್ನು ಬಿಟ್ಟು ನೆಬ್ರಾಸ್ಕದ ಬಯಲಿಗೆ ಬಂದಳು.

ನಾವು ಈ ಸಂಗತಿಯನ್ನು ರಾತ್ರಿಯ ಊಟವಾದಮೇಲೆ ಮನೆಯಲ್ಲಿ ಹೇಳಿದಾಗ, ಭೂಮಿಯ ವಿಸ್ತೀರ್ಣವನ್ನಾಗಲಿ ಕಾನೂನಿನ ವಿವರವನ್ನಾಗಲಿ ನಮ್ಮ ಮನೆಯವರು ಕೇಳಲಿಲ್ಲ. “ಆ ಹುಡುಗಿ ಅಳಲಿಲ್ಲವೇ?” ಎಂದು ಮಾತ್ರ ಕೇಳಿದರು. ನಾವು ಸುಮ್ಮನಾದೆವು. ಕಚೇರಿಯ ಕಾಗದಗಳಲ್ಲಿ ಕಣ್ಣೀರಿಗೆ ಕಲಮು ಇರುವುದಿಲ್ಲ. ಆದರೆ ಆ ಪ್ರಶ್ನೆಯಿಂದಲೇ ನಮಗೆ ಒಂದು ವಿಷಯ ಹೊಳೆಯಿತು. ನಮ್ಮ ಪೂರ್ವಿಕರ ನೆತ್ತರುಗೊಡಗೆ ಸತ್ತವನ ಮನೆಯವರಿಗೆ ಸಲ್ಲುತ್ತಿತ್ತು. ಅಮೆರಿಕದ ಕಾನೂನು ಭೂಮಿ ಕೊಟ್ಟುದು ಬದುಕಿದ್ದವನಿಗೆ. ಆದರೂ ಮಡಿದ ಜೇಮ್ಸನಿಗಾಗಿ ಕಾದಿದ್ದ ಹೆಣ್ಣು ಅದೇ ಭೂಮಿಗೆ ಬಂದು ಅರುವತ್ತಾರು ವರ್ಷ ಬಾಳಿದಳು. ಕಾಗದದಲ್ಲಿ ಕಾಣದಿದ್ದರೂ ಆ ಹೊಲವೂ ಒಂದು ಬಗೆಯಲ್ಲಿ ನೆತ್ತರುಗೊಡಗೆಯೇ ಅಲ್ಲವೇ?

ಐದು ವರ್ಷಗಳ ವಾಯಿದೆ ತುಂಬಿದಮೇಲೆ, 1868ನೆಯ ಜನವರಿಯಲ್ಲಿ, ಭೂಮಿಯನ್ನು ನಿಜವಾಗಿ ಸಾಗುವಳಿ ಮಾಡಿರುವುದಕ್ಕೆ ಇಬ್ಬರು ನೆರೆಯವರಿಂದ ಸಾಕ್ಷಿ ಹೇಳಿಸಬೇಕಾಯಿತು. ಆ ಸಾಕ್ಷಿಯ ಕಾಗದ ಈಗಲೂ ಉಳಿದುಬಂದಿದೆ. ಅದರ ಒಕ್ಕಣೆಯನ್ನು ತಿಳಿದಾಗ ನಮಗೆ ನಮ್ಮ ತಂದೆಯವರ ಮರದ ಪೆಟ್ಟಿಗೆ ನೆನಪಿಗೆ ಬಂದಿತು. ಹಳೆಯ ಕ್ರಯಪತ್ರ, ಕಂದಾಯದ ರಸೀತಿಗಳನ್ನು ಅವರು ಕೆಂಪು ವಸ್ತ್ರದಲ್ಲಿ ಸುತ್ತಿಟ್ಟು, ವರ್ಷಕ್ಕೊಮ್ಮೆ ಬಿಸಿಲಿಗೆ ಹರಡಿ, ತಾವೇ ಪಕ್ಕದಲ್ಲಿ ಕುಳಿತು ಕಾಯುತ್ತಿದ್ದರು. ಮಕ್ಕಳಾದ ನಾವು ಹತ್ತಿರ ಹೋದರೆ ಗದರಿಸುತ್ತಿದ್ದರು. ಮೂಡಲಿಗೆ ಇಂಥವನ ಹೊಲ, ಪಡುವಲಿಗೆ ಹಳ್ಳ, ಬಾವಿ ಒಂದು, ಹುಣಸೆಮರ ಎರಡು ಎಂಬ ಒಣ ಮಾತುಗಳಲ್ಲಿ ಅವರು ಏನನ್ನು ಓದುತ್ತಿದ್ದರೆಂಬುದು ಆಗ ನಮಗೆ ತಿಳಿಯುತ್ತಿರಲಿಲ್ಲ, ಈಗ ತಿಳಿಯುತ್ತದೆ.

ಫ್ರೀಮನ್ನನ ಕಾಗದದಲ್ಲಿಯೂ ಅಂತಹ ಒಣ ಮಾತುಗಳೇ ಇವೆ. ಅರ್ಧ ದಿಮ್ಮಿಯಿಂದಲೂ ಅರ್ಧ ಹಲಗೆಯಿಂದಲೂ ಕಟ್ಟಿದ, ಹದಿನಾಲ್ಕು ಅಡಿ ಅಗಲ ಇಪ್ಪತ್ತು ಅಡಿ ಉದ್ದದ ಮನೆ. ಬಾಗಿಲು ಎರಡು, ಕಿಟಕಿ ಎರಡು. ಮರದ ಬಿಲ್ಲೆಗಳ ಛಾವಣಿ, ಹಲಗೆಯ ನೆಲ. ವಾಸಕ್ಕೆ ಹಿತವಾದ ಮನೆ. ಹೆಂಡತಿ, ಇಬ್ಬರು ಮಕ್ಕಳು. ಉತ್ತು, ಬೇಲಿ ಹಾಕಿ, ಬೆಳೆ ಇಟ್ಟ ಭೂಮಿ ಸುಮಾರು 35 ಎಕರೆ. ಕುದುರೆಯ ಲಾಯ ಒಂದು. ನೂರು ಅಡಿ ಉದ್ದದ ಕುರಿಗಳ ಕೊಟ್ಟಿಗೆ ಒಂದು. ಮೆಕ್ಕೆಜೋಳದ ತೆನೆ ತುಂಬುವ ಕಣಜ ಒಂದು. ಸೇಬಿನ ಗಿಡ ನಲವತ್ತು. ಪೀಚ್ ಹಣ್ಣಿನ ಗಿಡ ಸುಮಾರು ನಾನೂರು.

ಈ ಪಟ್ಟಿಯನ್ನು ನಿಧಾನವಾಗಿ ನೋಡೋಣ. ನಮ್ಮ ಕಡೆಯ ಸಾಧಾರಣ ಅಡಿಗೆಮನೆ ಹಜಾರ ಕೂಡಿದಷ್ಟು ಜಾಗದಲ್ಲಿ ನಾಲ್ವರ ಸಂಸಾರ. ಕುರಿಗಳಿಗೆ ನೂರು ಅಡಿಯ ಸೂರು. ತನಗಿಂತ ದನಕರುಗಳ ನೆರಳನ್ನು ಮೊದಲು ನೋಡುವುದು ಒಕ್ಕಲುಮಗನ ಲಕ್ಷಣ. ನೂರರುವತ್ತು ಎಕರೆಯಲ್ಲಿ ಐದು ವರ್ಷಕ್ಕೆ ಉಳುಮೆಯಾದುದು ಮೂವತ್ತೈದೇ ಎಂದು ಕೆಲವರು ಹುಬ್ಬೇರಿಸಬಹುದು. ಅದು ಆಳೆತ್ತರಕ್ಕೂ ಮಿಕ್ಕು ಬೆಳೆಯುವ ಹುಲ್ಲಿನ ನೆಲ. ಅದರ ಬೇರುಗಳು ಮಣ್ಣಿನೊಳಗೆ ಮಾರುದ್ದ ಇಳಿದು, ಕಂಬಳಿಯಂತೆ ಹೆಣೆದುಕೊಂಡಿರುತ್ತವೆ. ಅದನ್ನು ಮೊದಲ ಸಲ ಸೀಳಲು ಉಕ್ಕಿನ ನೇಗಿಲೇ ಬೇಕು. ಮತ್ತು ಹಲವು ಜೊತೆ ಎತ್ತುಗಳು ಬೇಕು. ಇನ್ನು ಹಣ್ಣಿನ ಗಿಡಗಳ ಮಾತು. ಮೂರು ತಿಂಗಳಲ್ಲಿ ಕೊಯ್ಲಿಗೆ ಬರುವ ಬೆಳೆಯನ್ನು ಯಾರು ಬೇಕಾದರೂ ಬಿತ್ತುವರು. ಫಲಕ್ಕಾಗಿ ವರ್ಷಗಟ್ಟಲೆ ಕಾಯಿಸುವ ಗಿಡವನ್ನು ನೆಡುವವನು ಅಲ್ಲಿಯೇ ನಿಲ್ಲಲು ನಿಶ್ಚಯಿಸಿದವನು. ಬೇಹುಗಾರನಾಗಿ ಊರೂರು ತಿರುಗಿದವನು ನಾನೂರು ಗಿಡ ನೆಟ್ಟನೆಂದರೆ, ಯುದ್ಧವು ಅವನ ಮಟ್ಟಿಗೆ ಮುಗಿದುದು ಆ ದಿನವೇ ಎಂದು ನಮ್ಮ ಎಣಿಕೆ. 1869ನೆಯ ಸೆಪ್ಟೆಂಬರ್ 1ರ ತಾರೀಖಿನಲ್ಲಿ ಅವನ ಹೆಸರಿಗೆ ಹಕ್ಕುಪತ್ರವಾಯಿತು.

ಹಕ್ಕುಪತ್ರವಾದ ಮಾತ್ರಕ್ಕೆ ಕಷ್ಟ ತೀರುವುದುಂಟೇ? 1874ರಲ್ಲಿ ಆಕಾಶವನ್ನು ಮುಚ್ಚುವ ಮಿಡತೆಯ ಹಿಂಡುಗಳು ನೆಬ್ರಾಸ್ಕ ಮೊದಲಾದ ಪ್ರಾಂತಗಳ ಮೇಲೆ ಇಳಿದು ಪೈರನ್ನೆಲ್ಲ ತಿಂದುಹಾಕಿದುವು. 1888ನೆಯ ಜನವರಿ 12ರಂದು, ಬೆಳಗ್ಗೆ ಹಿತವಾಗಿದ್ದ ಹವೆ ಕ್ಷಣದಲ್ಲಿ ತಿರುಗಿ, ಹಿಮದ ಬಿರುಗಾಳಿ ಎದ್ದು, ಆ ಬಯಲುಸೀಮೆಯಲ್ಲಿ ಇನ್ನೂರಕ್ಕೂ ಹೆಚ್ಚು ಜನರು ಸತ್ತರು. ಅವರಲ್ಲಿ ಶಾಲೆಯಿಂದ ಮನೆಗೆ ಹೊರಟ ಮಕ್ಕಳು ಅನೇಕರು. 1894ರಲ್ಲಿ ಮಳೆ ಕೈಕೊಟ್ಟು ಮೆಕ್ಕೆಜೋಳ ನಿಂತಲ್ಲಿಯೇ ಒಣಗಿತು. ಇವೆಲ್ಲವನ್ನು ಆ ಸೀಮೆಯ ಜನರು ಕಂಡರು. ಗಂಟುಮೂಟೆ ಕಟ್ಟಿ ಹಿಂದಕ್ಕೆ ಹೊರಟುಹೋದವರು ಎಷ್ಟೋ ಮಂದಿ. ಫ್ರೀಮನ್ ದಂಪತಿಗಳು ನಿಂತರು. ಯಜಮಾನನು ಗೇಜ್ ಜಿಲ್ಲೆಯಲ್ಲಿ ಷರೀಫನ ಕೆಲಸವನ್ನೂ ಮಾಡಿದನು. ಹೊರಗಿನ ಕೆಲಸಕ್ಕೆ ಅವನು ಹೋದಾಗ ಹೊಲ, ಕುರಿ, ಮಕ್ಕಳು ಇವನ್ನೆಲ್ಲ ನೋಡಿಕೊಂಡವರಾರೆಂಬುದನ್ನು ನಮ್ಮ ಓದುಗ ಗೃಹಿಣಿಯರಿಗೆ ವಿವರಿಸಬೇಕಾದುದಿಲ್ಲ.

ಇಷ್ಟು ಹೊಗಳಿದಮೇಲೆ ಒಂದು ಮಾತನ್ನು ಹೇಳದೆ ಬಿಟ್ಟರೆ ನ್ಯಾಯವಾಗದು. ಸರ್ಕಾರವು ಹಂಚಿದ ಆ ಭೂಮಿ ಸರ್ಕಾರಕ್ಕೆ ಬಂದುದೆಲ್ಲಿಂದ? ಬಿಯಾಟ್ರಿಸ್ ಸುತ್ತಣ ಸೀಮೆಯಲ್ಲಿ ಓಟೋ ಮತ್ತು ಮಿಸ್ಸೂರಿಯ ಎಂಬ ಮೂಲನಿವಾಸಿ ಜನರು ಬೇಟೆಯಾಡಿ, ಜೋಳ ಬೆಳೆದು ಬಾಳುತ್ತಿದ್ದರು. 1854ರ ಒಪ್ಪಂದದಂತೆ ಅವರು ತಮ್ಮ ವಿಶಾಲವಾದ ನೆಲವನ್ನು ಬಿಟ್ಟುಕೊಟ್ಟು, ಬಿಗ್ ಬ್ಲೂ ನದಿಯ ಬಳಿ ಹತ್ತು ಮೈಲಿ ಅಗಲ ಇಪ್ಪತ್ತೈದು ಮೈಲಿ ಉದ್ದದ ತುಂಡಿನಲ್ಲಿ ನಿಲ್ಲಬೇಕಾಯಿತು. ಅಂದರೆ ಫ್ರೀಮನ್ನನು ಕುರಿಯ ಕೊಟ್ಟಿಗೆಯನ್ನು ಕಟ್ಟುತ್ತಿದ್ದಾಗ, ಆ ನೆಲದ ಹಳೆಯ ಒಡೆಯರು ಅದೇ ಜಿಲ್ಲೆಯ ದಕ್ಷಿಣದಂಚಿನಲ್ಲಿ ನೆರೆಯವರಾಗಿದ್ದರು. 1881ರಲ್ಲಿ ಆ ತುಂಡೂ ಕೈಬಿಟ್ಟು, ಈಗ ಒಕ್ಲಹೋಮ ಎನಿಸಿರುವ ದೂರದ ಸೀಮೆಗೆ ಅವರು ಹೊರಟುಹೋದರು. ಅವರ ಸಂತತಿಯವರು ಇಂದಿಗೂ ಅಲ್ಲಿದ್ದಾರೆ. ಒಬ್ಬನ ಹೊಸಿಲು ಇನ್ನೊಬ್ಬನ ಹಳೆಯ ಅಂಗಳದ ಮೇಲೆ ಏಳುವುದು ಲೋಕದಲ್ಲಿ ಅಪೂರ್ವವಲ್ಲ. ಅದನ್ನು ತಿಳಿದವನ ಬೆವರು ಸುಳ್ಳಾಗುವುದಿಲ್ಲ. ತಿಳಿಯದಂತೆ ನಟಿಸಿದರೆ ಮಾತ್ರ ಅದರ ಮೌಲ್ಯ ಕುಂದುತ್ತದೆ.

ಮುದುಕನಾದಮೇಲೂ ಈ ಸಿಪಾಯಿಯ ಹೋರಾಟದ ಸ್ವಭಾವ ಬಿಡಲಿಲ್ಲ. ಮನೆಯ ಸಮೀಪದಲ್ಲಿ 1872ರಲ್ಲಿ ಕಟ್ಟಿದ, ಒಂದೇ ಕೋಣೆಯ ಇಟ್ಟಿಗೆಯ ಶಾಲೆಯಿದ್ದಿತು. ಸುತ್ತಿನ ಒಕ್ಕಲುಮಕ್ಕಳೆಲ್ಲರೂ ಅಲ್ಲಿಯೇ ಅಕ್ಷರ ಕಲಿಯುತ್ತಿದ್ದರು. 1899ರಲ್ಲಿ ಅಲ್ಲಿನ ಉಪಾಧ್ಯಾಯಿನಿ ಪಾಠದ ವೇಳೆಯಲ್ಲಿ ಬೈಬಲ್ಲನ್ನು ಓದಿ, ಪ್ರಾರ್ಥನೆ ಮಾಡಿ, ಭಕ್ತಿಗೀತೆಗಳನ್ನು ಹಾಡಿಸುವುದನ್ನು ಕಂಡು ಫ್ರೀಮನ್ ಆಕ್ಷೇಪಿಸಿದನು. ಎಲ್ಲರ ತೆರಿಗೆಯಿಂದ ನಡೆಯುವ ಶಾಲೆಯಲ್ಲಿ ಒಂದು ಮತದ ಉಪಾಸನೆ ಸಲ್ಲದು. ಅದರ ಸ್ಥಾನ ಮನೆ ಮತ್ತು ದೇವಾಲಯ ಎಂಬುದು ಅವನ ವಾದ. ಶಾಲೆಯ ಆಡಳಿತದವರು ಒಪ್ಪಲಿಲ್ಲ. ಅವನು ನ್ಯಾಯಾಲಯಕ್ಕೆ ಹೋದನು, ಜಿಲ್ಲೆಯಲ್ಲಿ ಸೋತನು, ನೆಬ್ರಾಸ್ಕದ ಸರ್ವೋಚ್ಚ ನ್ಯಾಯಾಲಯದಲ್ಲಿ 1902ರಲ್ಲಿ ಗೆದ್ದನು. ನೆರೆಹೊರೆಯವರೆಲ್ಲ ಒಂದು ಕಡೆ, ಎಪ್ಪತ್ತು ದಾಟಿದ ತಾನೊಬ್ಬನೇ ಒಂದು ಕಡೆ ನಿಲ್ಲುವುದು ಹಳ್ಳಿಯಲ್ಲಿ ವಾಸಿಸುವವನಿಗೆ ಎಷ್ಟು ಕಠಿನವೆಂಬುದು ಹಳ್ಳಿಯವರಿಗೇ ಗೊತ್ತು. ಅವನ ಅಭಿಪ್ರಾಯವನ್ನು ಕೆಲವರು ಒಪ್ಪಬಹುದು, ಕೆಲವರು ಒಪ್ಪದಿರಬಹುದು. ಬಾವಿಯ ನೀರು, ಬೇಲಿಯ ಗಡಿ, ಕಣದ ಸಹಾಯ ಇವಕ್ಕೆಲ್ಲ ಬೇಕಾದ ನೆರೆಯವರ ಮುನಿಸನ್ನು ಲೆಕ್ಕಿಸದ ಆ ಎದೆಗಾರಿಕೆಯನ್ನು ಮಾತ್ರ ಯಾರೂ ಅಲ್ಲಗಳೆಯಲಾರರು.

1908ನೆಯ ಡಿಸೆಂಬರ್ 30ರಂದು ಫ್ರೀಮನ್ ತೀರಿಕೊಂಡನು. ನಡುರಾತ್ರಿಯಲ್ಲಿ ಅರ್ಜಿ ಹಾಕಿ ಪಡೆದ ಅದೇ ನೆಲದಲ್ಲಿ ಅವನನ್ನು ಸಮಾಧಿ ಮಾಡಿದರು. ಆಗ್ನೆಸ್ ಇನ್ನೂ ಇಪ್ಪತ್ತಮೂರು ವರ್ಷ ಬದುಕಿದ್ದು, 1931ರಲ್ಲಿ ಗಂಡನ ಮಗ್ಗುಲಲ್ಲಿಯೇ ಮಣ್ಣಾದಳು. 1936ರಲ್ಲಿ ದೇಶದ ಸರ್ಕಾರವು ಆ ಜಮೀನನ್ನು ರಾಷ್ಟ್ರೀಯ ಸ್ಮಾರಕವಾಗಿ ಮಾಡಿತು. ಈಗ ಅದು ರಾಷ್ಟ್ರೀಯ ಚಾರಿತ್ರಿಕ ಉದ್ಯಾನವೆನಿಸಿದೆ. ಇಲ್ಲಿ ಒಂದು ವಿನೋದವನ್ನು ನೋಡಿರಿ. ಅವನು ಎತ್ತು ಕಟ್ಟಿ ಬೆವರಿಳಿಸಿ ಯಾವ ಹುಲ್ಲನ್ನು ಕಿತ್ತನೋ, ಅದೇ ಹುಲ್ಲನ್ನು 1939ರಿಂದೀಚೆಗೆ ಸುಮಾರು ನೂರು ಎಕರೆಯಲ್ಲಿ ಮರಳಿ ಬೆಳೆಸಿದ್ದಾರೆ. ಮಣ್ಣು ತೊಳೆದುಹೋಗಬಾರದು, ಹಳೆಯ ಬಯಲು ಹೇಗಿತ್ತೆಂಬುದನ್ನು ಮುಂದಿನವರು ಕಾಣಬೇಕು ಎಂಬುದೇ ಅದರ ಉದ್ದೇಶ. ಮನುಷ್ಯನು ಗೆದ್ದೆನೆಂದು ತಿಳಿದುದನ್ನು ಭೂಮಿ ಎಷ್ಟು ತಾಳ್ಮೆಯಿಂದ ಹಿಂದಕ್ಕೆ ಪಡೆಯುತ್ತದೆ!

ಆ ಕಾನೂನಿನ ಮೂಲಕ ಒಟ್ಟು ಸುಮಾರು 27 ಕೋಟಿ ಎಕರೆ ಭೂಮಿ ಹದಿನಾರು ಲಕ್ಷದಷ್ಟು ಕುಟುಂಬಗಳಿಗೆ ಹಂಚಿಹೋಯಿತು. ಅದು ಆ ದೇಶದ ಹತ್ತರಲ್ಲೊಂದು ಪಾಲು. 1976ರಲ್ಲಿ ಕಾನೂನು ರದ್ದಾಯಿತು. ಅಲಾಸ್ಕದಲ್ಲಿ ಮಾತ್ರ ಇನ್ನೂ ಹತ್ತು ವರ್ಷ ನಡೆಯಿತು. ಅದರ ಅಡಿಯಲ್ಲಿ ಕಟ್ಟಕಡೆಯದಾಗಿ 1988ರಲ್ಲಿ ಹಕ್ಕುಪತ್ರ ಪಡೆದವನು ಯಾರೆಂದು ವಾಚಕರು ಊಹಿಸಬಲ್ಲರೇ? ವಿಯೆಟ್ನಾಂ ಯುದ್ಧದಿಂದ ಮರಳಿದ ಒಬ್ಬ ಸಿಪಾಯಿ. ಅಲಾಸ್ಕದ ನದಿಯೊಂದರ ದಡದಲ್ಲಿ ಎಂಬತ್ತು ಎಕರೆಯನ್ನು ಹಿಡಿದು ಸಂಸಾರ ಹೂಡಿದವನು. ಮೊದಲನೆಯವನೂ ಯುದ್ಧದವನೇ, ಕೊನೆಯವನೂ ಯುದ್ಧದವನೇ. ಸಾವನ್ನು ಹತ್ತಿರದಿಂದ ಕಂಡವರು ಹುಟ್ಟಿಸುವ, ಬೆಳೆಸುವ ಕೆಲಸಕ್ಕಾಗಿ ಹಸಿದಿರುತ್ತಾರೆಂದು ಇದರಿಂದ ಊಹಿಸಿದರೆ ತಪ್ಪಾಗಲಾರದು. ನಮ್ಮ ಕರ್ನಾಟಕದಲ್ಲಿಯೂ ನಿವೃತ್ತ ಯೋಧರಿಗೆ ಸಾಗುವಳಿಗಾಗಿ ಭೂಮಿ ಮಂಜೂರು ಮಾಡುವ ನಿಯಮವುಂಟು. ಹೆಗಲ ಮೇಲಿನ ಬಂದೂಕನ್ನು ಇಳಿಸಿ ಗುದ್ದಲಿಯನ್ನು ಏರಿಸಿದ ಹಿರಿಯರನ್ನು ನಮ್ಮ ಹಳ್ಳಿಗಳಲ್ಲಿಯೂ ಕಾಣಬಹುದು. ಅಂತಹವರನ್ನು ಕಂಡಾಗ ಯಾವ ಯುದ್ಧದಲ್ಲಿ ಹೋರಾಡಿದಿರಿ ಎಂದಷ್ಟೇ ಕೇಳಿ ಸುಮ್ಮನಾಗುವುದು ಸಾಲದು. ಎಷ್ಟು ಗಿಡ ನೆಟ್ಟಿರಿ, ನೀವಿಲ್ಲದಾಗ ಮನೆಯನ್ನು ನಡೆಸಿದವರು ಯಾರು ಎಂದೂ ಕೇಳೋಣ. ಆ ಉತ್ತರವನ್ನು ಹೇಳುವಾಗ ಅವರ ಮುಖ ಅರಳುವುದನ್ನು ನೋಡುವ ಭಾಗ್ಯ ನಮ್ಮದಾಗಲಿ.